ಸೀಸದ ಬಿರಡೆ

ಕಳೆದ ಭಾನುವಾರ ನಮ್ಮ ಮನೆಯ ಕುಕ್ಕರ್ ಸುಟ್ಟುಹೋಯಿತು. ಬೇಳೆ ಇಟ್ಟವಳು ನಾನೇ, ನೀರು ಕಡಿಮೆ ಹಾಕಿದವಳೂ ನಾನೇ, ಆಮೇಲೆ ಕುಕ್ಕರನ್ನು ಬೈದವಳೂ ನಾನೇ. ಮುಚ್ಚಳದ ಮೇಲಿನ ಸಣ್ಣ ಬಿರಡೆ ಕರಗಿ, ಬುಸ್ಸೆಂದು ಉಗಿ ಹಾರಿ, ಅಡುಗೆಮನೆಯ ತುಂಬ ಕರಕಲು ವಾಸನೆ. ನಮ್ಮೂರು ಮಖ್ತಲಿನ ಬಜಾರಿನಲ್ಲಿ ಪಾತ್ರೆ ಅಂಗಡಿಯವನು ಹೊಸ ಬಿರಡೆ ಕೂರಿಸಿ ಹಳೆಯದನ್ನು ನನ್ನ ಕೈಗಿಟ್ಟ. ಅದು ಕರಗದೇ ಹೋಗಿದ್ದರೆ ಕುಕ್ಕರೇ ಒಡೆಯುತ್ತಿತ್ತಂತೆ. ಆ ಚೂರನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ಏಕೆಂದರೆ ಅದರ ಅಣ್ಣ ನಮ್ಮ ಮನೆಯಲ್ಲಿ ಮೊದಲೇ ಇದೆ. ನನ್ನ ಮಾವನ ಎಲೆಅಡಿಕೆ ಡಬ್ಬಿಯಲ್ಲಿ, ಹೆಬ್ಬೆಟ್ಟಿನಷ್ಟು ದಪ್ಪದ ಹಿತ್ತಾಳೆ ಬಿರಡೆ. ನಡುವೆ ಇದ್ದ ಸೀಸ ಕರಗಿ ಹೋಗಿ ಬರೀ ತೂತು ಉಳಿದಿದೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ ಮಲ್ಲಯ್ಯ. ಗದ್ವಾಲಿನಲ್ಲಿ ಸೀರೆಯ ರೇಷ್ಮೆಗೆ ಬಣ್ಣ ಹಾಕುವವರ ಮನೆಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದರು. ಯಾವ ಬಣ್ಣಕ್ಕೆ ಎಷ್ಟು ಉರಿ ಎಂಬುದರಲ್ಲಿ ಅವರ ಮಾತೇ ಕಡೆಯದು. ನೀರಿನ ವಿಷಯ ಬಂದಾಗ ಮಾತ್ರ ವಿಚಿತ್ರ ಮನುಷ್ಯ. ಮನೆಯ ಹಂಡೆ, ಕೊಡ ಯಾವುದೂ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಕುಡಿಯಲು ಕೊಟ್ಟ ತಂಬಿಗೆಯನ್ನೂ ಕಟ್ಟೆಯ ಮೇಲಿಟ್ಟು, ನೀರು ಅಲುಗಾಡುವುದು ನಿಂತ ಮೇಲೆ ಇಣುಕಿ ನೋಡಿ ಕುಡಿಯುತ್ತಿದ್ದರು. ಮಾವ ಹಂಡೆಯಲ್ಲಿ ಮೊಸಳೆ ಸಾಕಿದ್ದಾರೆ ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಈಗ ಆ ನಗು ನೆನೆದರೆ ನಾಚಿಕೆಯಾಗುತ್ತದೆ.

ಅವರು ಹರೆಯದಲ್ಲಿ ಕರ್ನೂಲಿನಾಚೆಯ ಕಾಡಿನಲ್ಲಿ ಮರದ ದಿಮ್ಮಿ ಎಳೆಯುವ ಸಣ್ಣ ಇಂಜಿನ್ನಿಗೆ ಫೈರ್‌ಮನ್ ಆಗಿದ್ದರು. ಉರಿಗೆ ಸೌದೆ ಹಾಕುವುದು, ಬಾಯ್ಲರಿನ ನೀರು ನೋಡುವುದು ಅವರ ಕೆಲಸ. ನೀವು ನೋಡಿರುವ ದೊಡ್ಡ ರೈಲಿನ ಇಂಜಿನ್ ಎಂದುಕೊಳ್ಳಬೇಡಿ. ಇದು ನಮ್ಮ ಮನೆಯ ಸೂರಿಗಿಂತ ಎತ್ತರವಿರಲಿಲ್ಲವಂತೆ, ಏರಿನಲ್ಲಿ ನಡೆದು ಹೋಗುವವನೂ ಅದನ್ನು ಹಿಂದೆ ಹಾಕುತ್ತಿದ್ದನಂತೆ. ‘ಗಾಲಿ ಕಟ್ಟಿದ ಹಂಡೆ’ ಎನ್ನುತ್ತಿದ್ದರು ಮಾವ. ಡ್ರೈವರ್ ಬೀರಪ್ಪ, ತುಂಗಭದ್ರೆಯ ಆಚೆ ದಡದ ಒಂದು ಹಳ್ಳಿಯ ಕುರುಬರವನು. ದಿನಾ ಬೆಳಗ್ಗೆ ಇಂಜಿನ್ನಿನ ಮುಖಕ್ಕೆ ಮೈಲಾರನ ಭಂಡಾರ ಹಚ್ಚಿ, ‘ಏಳ್ಕೋಟಿ’ ಎಂದು ಕೂಗಿಯೇ ಗಾಡಿ ಬಿಡುತ್ತಿದ್ದ. ಹದಿನೆಂಟರ ಮಲ್ಲಯ್ಯನಿಗೆ ರೊಟ್ಟಿ ಮುರಿದು ಕೊಟ್ಟು, ಸೌದೆ ಒಡ್ಡುವುದನ್ನು ಕಲಿಸಿದವನು ಅವನೇ. ಇಷ್ಟನ್ನು ಮಾವ ನೂರು ಸಲ ಹೇಳಿದ್ದರು. ಆ ಕೆಲಸ ಯಾಕೆ ಬಿಟ್ಟಿರಿ ಎಂದರೆ ಎದ್ದು ಹಂಡೆ ನೋಡಲು ಹೋಗುತ್ತಿದ್ದರು.

ಉಳಿದದ್ದನ್ನು ಹೇಳಿದ್ದು ತೆಲಂಗಾಣ ಬೇರೆಯಾಗುತ್ತದೆ ಎಂದು ಖಾತ್ರಿಯಾದ ಬೇಸಿಗೆಯಲ್ಲಿ. ಊರೆಲ್ಲ ಬಾವುಟ ಕಟ್ಟುತ್ತಿದ್ದಾಗ ಮಾವನಿಗೆ ಒಂದೇ ಚಿಂತೆ. ಇನ್ನು ತುಂಗಭದ್ರೆಯೇ ಗಡಿ, ಹೊಳೆಯ ಮೇಲೆ ತಪಾಸಣೆಯ ನಾಕಾ ಕೂರುತ್ತದೆ, ಪರವಾನಗಿ ಇಲ್ಲದೆ ಆಂಧ್ರಕ್ಕೆ ಬಿಡುವುದಿಲ್ಲ ಎಂದು ಯಾರೋ ಅವರ ತಲೆ ತುಂಬಿದ್ದರು.

‘ಅವ್ವಾ, ಅಷ್ಟರಾಗ ನನ್ನನ್ನ ಬೀರಪ್ಪನ ಊರಿಗೆ ಕರಕೊಂಡು ಹೋಗು. ಅವ ಇಲ್ಲ, ಮಗಳು ಅದಾಳ. ಆಕಿಗೆ ಒಂದು ಮಾತು ಹೇಳಾದೈತಿ’ ಎಂದರು.

ಆ ಮಾತು ಇದು. ಇಂಜಿನ್ ಏರು ಹತ್ತುವಾಗ ಮೂತಿ ಮೇಲಾಗಿ, ಬಾಯ್ಲರಿನ ನೀರೆಲ್ಲ ಹಿಂದಕ್ಕೆ ಬರುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಹಿಂದೆಯೇ ಇರುವುದರಿಂದ, ಇಲ್ಲದ ನೀರೂ ಇದ್ದಂತೆ ಕಾಣುತ್ತದೆ. ಇಳಿಜಾರಿಗೆ ಹೊರಳಿದ ಕೂಡಲೇ ನೀರು ಮುಂದಕ್ಕೆ ಓಡಿ, ಉರಿಯ ಮೇಲಿನ ತಗಡು ನೀರಿಲ್ಲದೆ ಒಣಗುತ್ತದೆ. ಅದಕ್ಕೇ ದಿಬ್ಬದ ನೆತ್ತಿಯಲ್ಲಿ ಬೀರಪ್ಪ ಗಾಡಿ ನಿಲ್ಲಿಸಿ, ‘ನೀರು?’ ಎಂದು ಕೇಳುವುದು ರೂಢಿ. ನೀರು ನಿಂತ ಮೇಲೆ ಗಾಜು ನೋಡಿ ಫೈರ್‌ಮನ್ ಉತ್ತರ ಕೊಡಬೇಕು. ಒಮ್ಮೆ ಮಾವ ಏರಿನಲ್ಲೇ ಬಾಯ್ಲರಿಗೆ ತಣ್ಣೀರು ಬಿಟ್ಟು, ಉಗಿ ಇಳಿದು ಗಾಡಿ ನಿಂತು, ಮರ ಕಡಿಯುವವರೆಲ್ಲ ಅವರನ್ನು ಗೇಲಿ ಮಾಡಿದ್ದರು. ಮರುವಾರ ಆ ಹಟಕ್ಕೆ ಮಾವ ದಾರಿಯಲ್ಲಿ ನೀರೇ ಬಿಟ್ಟಿರಲಿಲ್ಲ. ನೆತ್ತಿಯಲ್ಲಿ ಬೀರಪ್ಪ ಕೇಳಿದ. ಮಾವ ಗಾಜಿನ ಕಡೆ ತಿರುಗಿಯೂ ನೋಡದೆ ‘ಐತ್ರಿ’ ಎಂದರು.

ಇಳಿಜಾರಿನ ಅರ್ಧದಲ್ಲಿ ಸೀಸದ ಬಿರಡೆ ಕರಗಿತು. ಬಾಯ್ಲರ್ ಒಡೆಯದಿರಲೆಂದೇ ಆ ತಗಡಿನಲ್ಲಿ ಕೂರಿಸಿದ ಬಿರಡೆ ಅದು. ಆದರೆ ಉಗಿಯೆಲ್ಲ ಒಲೆಯ ಬಾಯಿಂದ ಹೊರಗೆ ನುಗ್ಗಿತು. ಬೀರಪ್ಪ ಮಾವನನ್ನು ಆಚೆ ನೂಕಿ, ತಾನೇ ಬಗ್ಗಿ ಒಲೆಯ ಬಾಗಿಲು ಮುಚ್ಚಿದ. ಅವನ ಎರಡೂ ಕಣ್ಣು ಹೋದವು. ವಿಚಾರಣೆಗೆ ಬಂದ ಸಾಹೇಬನ ಮುಂದೆ ಮುಖಕ್ಕೆ ಬಟ್ಟೆ ಸುತ್ತಿಕೊಂಡೇ, ‘ನೀರು ನೋಡದಿದ್ದದ್ದು ನಂದೇ ತಪ್ಪು’ ಎಂದ. ಪಕ್ಕದಲ್ಲಿ ನಿಂತಿದ್ದ ಮಾವ ಬಾಯಿ ಬಿಡಲಿಲ್ಲ. ಕರಗಿದ ಬಿರಡೆಯನ್ನು ಜೇಬಿಗೆ ಹಾಕಿಕೊಂಡು ಆ ವಾರವೇ ಕಾಡು ಬಿಟ್ಟರು. ಮತ್ತೆ ಎಂದೂ ಬೀರಪ್ಪನ ಮುಖ ನೋಡಲಿಲ್ಲ.

ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ನನ್ನ ‘ಹೋಗೋಣ’ಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರನ್ನಾದರೂ ಕೇಳಿ, ನಗುತ್ತಾರೆ. ಮೊದಲು ಶಾಲೆಯ ಪರೀಕ್ಷೆ, ಆಮೇಲೆ ಚುನಾವಣೆಯ ಡ್ಯೂಟಿ, ಆಮೇಲೆ ಬಿಸಿಲು. ಗದ್ವಾಲಿನಿಂದ ರಾಜೋಳಿ ದಾಟಿದರೆ ಹೊಳೆ, ಅರ್ಧ ದಿನದ ಕೆಲಸ. ‘ಹೊಳಿ ಎಲ್ಲಿ ಓಡಿ ಹೋಗ್ತೈತಿ ಮಾವ’ ಎಂದು ನಗೆಯಾಡಿದೆ. ರಾಜ್ಯ ಬಂದ ದಿನ ಬೀದಿಯ ತುಂಬ ಗುಲಾಲು. ಮಾವ ಕಿಟಕಿಯ ಬಳಿ ಕೂತು, ಇನ್ನು ಬಿಡುವುದಿಲ್ಲವೇನೋ ಎಂದು ಮೆಲ್ಲಗೆ ಕೇಳಿದರು. ಬರುವ ಭಾನುವಾರ ಎಂದೆ. ಆ ಭಾನುವಾರದ ಹೊತ್ತಿಗೆ ಅವರನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು.

ತಿಂಗಳ ಮೇಲೆ ಡಬ್ಬಿ ಹಿಡಿದು ನಾನೊಬ್ಬಳೇ ಹೋದೆ. ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ನಾಕಾ ಇರಲಿಲ್ಲ, ಯಾರೂ ಏನೂ ಕೇಳಲಿಲ್ಲ. ಬೀರಪ್ಪನ ಮಗಳು ಮಾಳವ್ವ ಜಗಲಿಯಲ್ಲಿ ಉಣ್ಣೆ ಹಿಂಜುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ನಾನು ಡಬ್ಬಿ ಕೊಟ್ಟು, ಮಾವನ ಸುಳ್ಳು, ಸಾವು ಎರಡನ್ನೂ ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

‘ಅಪ್ಪಗ ಗೊತ್ತಿತ್ತವ್ವ’ ಎಂದಳು. ‘ಸಣ್ಣಾವ, ಅಂಜಿ ಸುಳ್ಳು ಹೇಳ್ಯಾನ ಅಂತಿದ್ದ. ಕಣ್ಣು ಹೋದ ಮ್ಯಾಲ ಹನ್ನೆರಡು ವರ್ಷ ಇದ್ದ. ಬಾಗಲದಾಗ ಯಾರ ಹೆಜ್ಜಿ ಸಪ್ಪಳ ಆದರೂ, ಮಲ್ಲಯ್ಯ ಬಂದನೇನು ಅಂತ ಕೇಳಾವ.’

ಉಣ್ಣೆಯನ್ನು ಪಕ್ಕಕ್ಕಿಟ್ಟು ಕೇಳಿದಳು: ‘ಸಾಯೂ ಮುಂಚೆರ ಒಮ್ಮೆ ಬರಬೇಕು ಅಂತ ಅವರಿಗೆ ಅನ್ನಿಸಲಿಲ್ಲೇನು?’

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಮಾವ ಬೇಸಿಗೆಯೆಲ್ಲ ಅಂಗಲಾಚಿದ್ದರು, ತಡ ಮಾಡಿದವಳು ನಾನು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ‘ಇಲ್ಲ’ ಎಂದೆ. ಒಂದೇ ಮಾತು. ಮಾಳವ್ವ ತಲೆಯಾಡಿಸಿ, ಡಬ್ಬಿಯನ್ನು ನನಗೇ ವಾಪಸು ಕೊಟ್ಟಳು. ಅಂಥವರ ವಸ್ತು ತನಗೆ ಬೇಡವೆಂದಳು.

ಅದಾಗಿ ಹತ್ತು ವರ್ಷ ಕಳೆಯಿತು. ಮಾವನ ಸುಳ್ಳನ್ನು ಬೀರಪ್ಪ ಹೊತ್ತ, ನನ್ನ ಸುಳ್ಳನ್ನು ಸತ್ತ ಮಾವ ಹೊತ್ತಿದ್ದಾರೆ. ನಿತ್ಯ ಕುಕ್ಕರ್ ಇಡುತ್ತಾ ಇದನ್ನು ಹೇಗೋ ಮರೆತು ಬದುಕಿದ್ದೆ. ಈಗ ಗದ್ವಾಲಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಚೀಲದಲ್ಲಿ ಡಬ್ಬಿ ಇದೆ. ರಾಜೋಳಿಯ ಬಸ್ಸು ಇನ್ನೂ ಬಂದಿಲ್ಲ. ಮಾಳವ್ವ ಇನ್ನೂ ಇದ್ದಾಳೋ ಇಲ್ಲವೋ, ಗೊತ್ತಿಲ್ಲ.