ಆಟ ಮುಗಿಯುವ ಮೊದಲು

ಮಗಳು ಆಗ ಓದುತ್ತಿದ್ದ ಕಾದಂಬರಿಯಲ್ಲಿ ಸರ್ಕಾರವೇ ಮಕ್ಕಳಿಗೆಲ್ಲ ಹೆಲ್ಮೆಟ್ ತೊಡಿಸಿ ಆಟ ಆಡಿಸುತ್ತದೆ. ಆಟ ಮುಗಿಯುವ ಮೊದಲು ಹೆಲ್ಮೆಟ್ ತೆಗೆದವರು ಸಾಯುತ್ತಾರೆ. ‘ಇಂಥ ಕಸ ಯಾಕೆ ಓದ್ತೀಯ’ ಅಂತ ಬೈದಿದ್ದೆ.

ಅದೇ ವಾರ ವಾರೆನ್ ಎಂಬ ಊರಿನಲ್ಲಿರುವ ನಮ್ಮ ಕಾರು ಕಂಪನಿಯ ಆಫೀಸಿನಲ್ಲಿ, ಇನ್ನೂ ತಯಾರಾಗದ ಕಾರೊಂದನ್ನು ವರ್ಚುವಲ್ ರಿಯಾಲಿಟಿಯಲ್ಲಿ ಓಡಿಸಿ ನೋಡುವ ಕೆಲಸ ನನ್ನ ತಲೆಗೆ ಬಂತು. ಯಂತ್ರ ನೋಡಿಕೊಳ್ಳುತ್ತಿದ್ದವರು ಧಾರವಾಡದ ರಫೀಕ್, ಅವತ್ತೇ ಪರಿಚಯ. ಹೆಲ್ಮೆಟ್ ತೊಡಿಸಿ, ‘ತಲಿ ತಿರುಗಿದ್ರ ತಗದಬಿಡ್ರಿ ಸರ’ ಅಂದರು.

ಸೇತುವೆ ಮೇಲೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯಲಿಲ್ಲ. ಕಾರು ತಡೆಗೋಡೆ ಮುರಿದು ನೀರಿನತ್ತ ಬಿತ್ತು. ಹೆಲ್ಮೆಟ್ ತೆಗೆಯೋಣವೆಂದರೆ ಕೈ ಮೇಲೇಳಲಿಲ್ಲ. ಆಟ ಇನ್ನೂ ಮುಗಿದಿಲ್ಲ, ಈಗ ತೆಗೆದರೆ ಸತ್ತೆ ಅನ್ನಿಸಿತು. ರಫೀಕ್ ತೆಗೆಯಲು ಬಂದಾಗ ಅವರ ಮಣಿಕಟ್ಟು ಹಿಡಿದು ‘ಬೇಡ, ಬೇಡ’ ಅಂದೆ. ಕಣ್ಣೆದುರಿನ ಚಿತ್ರ ಪೂರ್ತಿ ಕಪ್ಪಾದ ಮೇಲೇ ಬಿಟ್ಟಿದ್ದು.

ನಾಚಿಕೆಯಾಗಿ ಮಗಳ ಪುಸ್ತಕದ ಕಥೆ ಹೇಳಿದೆ. ಅವರು ನಗಲಿಲ್ಲ.

‘ನನ್ನ ಮಗಾನೂ ಅದನ್ನ ಓದ್ಯಾನ್ರಿ. ಕಥಿ ಕೇಳಿದಾಗಿಂದ ನಾ ಇದನ್ನ ತಲಿಗೆ ಹಾಕ್ಕೊಂಡಿಲ್ಲ. ಮಂದಿಗೆ ಹಾಕ್ತೀನಿ, ಅಷ್ಟ.’

ಆಮೇಲೆ ಹೆಲ್ಮೆಟ್ಟಿಗೆ ಹತ್ತಿದ್ದ ನನ್ನ ಬೆವರು ಒರೆಸುತ್ತಾ ಅಂದರು: ‘ನಾಳೆ ಹತ್ತಕ್ಕ ಬರ್ರಿ ಸರ. ಟೆಸ್ಟ್ ಇನ್ನೂ ಮುಗದಿಲ್ಲ.’