ದಂಡೆಯಲ್ಲಿ ಉಳಿದ ಚಪ್ಪಲಿ

ನಮ್ಮ ಕಾಕಾನ ಚಪ್ಪಲಿ ವಿಯೆಟ್ನಾಂನಲ್ಲಿವೆ.

ಕಳೆದುಹೋದದ್ದಲ್ಲ. ಹಡಗಿನವರು ಹೋಟೆಲ್ಲಿಗೆ ಕಳಿಸಿಕೊಡುತ್ತೇವೆ ಎಂದರೂ ಬೇಡ ಎಂದು ಬಿಟ್ಟು ಬಂದದ್ದು. ಒಂದು ಜೊತೆ ಚರ್ಮದ ಚಪ್ಪಲಿ, ಎಡಗಾಲಿನದಕ್ಕೆ ಎರಡು ಸಲ ಹೊಲಿಗೆ ಹಾಕಿಸಿದ್ದು, ಚಿತ್ತಾಪುರದ ಬಸ್ ಸ್ಟ್ಯಾಂಡ್ ಎದುರಿಗೆ ಕೊಂಡದ್ದು.

ಅವು ಅಲ್ಲಿಗೆ ಹೇಗೆ ಹೋದವು?

ನನ್ನ ಯಜಮಾನರಿಗೆ ಸೇಡಂನಲ್ಲಿ ಸಿಮೆಂಟ್ ಅಂಗಡಿ ಇರುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. (ಅವರ ಬಗ್ಗೆ ಬರೆದಾಗಲೆಲ್ಲ ಮನೆಯಲ್ಲಿ ಎರಡು ದಿನ ಮಾತು ಕಡಿಮೆ.) ಟಾರ್ಗೆಟ್ ಮುಟ್ಟಿದ ಡೀಲರ್‌ಗಳನ್ನು ಮನೆಯವರೊಬ್ಬರ ಸಮೇತ ಕಂಪನಿ ಫಾರಿನ್ ಟೂರ್ ಕರೆದೊಯ್ಯುತ್ತದೆ. ಈ ಸಲ ವಿಯೆಟ್ನಾಂ. ಅದರಲ್ಲಿ ಒಂದು ರಾತ್ರಿ ಹಾ ಲಾಂಗ್ ಕೊಲ್ಲಿಯಲ್ಲಿ ಲಕ್ಷುರಿ ಕ್ರೂಸ್. ಹೊಸ ಸೂಟ್‌ಕೇಸ್ ಬಂತು. ಸೂಟ್‌ಕೇಸ್ ಬಂದ ವಾರಕ್ಕೆ ಯಜಮಾನರು ಅಂಗಡಿಯ ಮೆಟ್ಟಿಲಿಳಿಯುವಾಗ ಬಿದ್ದು ಕಾಲು ಮುರಿದುಕೊಂಡರು.

"ಮನೆಯಲ್ಲಿ ಪಾಸ್‌ಪೋರ್ಟ್ ಇರುವವರು ಬೇರೆ ಯಾರಿದ್ದಾರೆ?" ಎಂದು ಕಂಪನಿಯವರು ಕೇಳಿದರು.

ನನ್ನನ್ನು ಬಿಟ್ಟರೆ ಇದ್ದದ್ದು ಕಾಕಾ ಒಬ್ಬನಿಗೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಮಲ್ಲಪ್ಪ. ವಯಸ್ಸು ಎಪ್ಪತ್ತು ದಾಟಿದೆ. ಹಿಂದೊಮ್ಮೆ ಪಶುಪತಿನಾಥನ ಯಾತ್ರೆಗೆ ಹೊರಟಾಗ ಯಾರೋ ಏಜೆಂಟ್ ಪಾಸ್‌ಪೋರ್ಟ್ ಕಡ್ಡಾಯ ಎಂದು ಮಾಡಿಸಿದ್ದ. ನೇಪಾಳಕ್ಕೆ ಅದರ ಅಗತ್ಯವೇ ಇಲ್ಲ ಎಂದು ಗಡಿ ದಾಟುವಾಗ ಗೊತ್ತಾಯಿತು. ಅಂದಿನಿಂದ ಅದು ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿತ್ತು.

"ಹಡಗಂದ್ರ ಎಟ್ಟ ದೊಡ್ಡದಿರ್ತದ?" ಎಂದ ಕಾಕಾ.

"ಭಾಳ ದೊಡ್ಡದು. ಒಳಗೇ ಹೋಟೆಲ್ ಇರ್ತದ."

"ನಡಿ ಹಂಗಾರ, ನೋಡಿ ಬರಮಿ."

ಇಲ್ಲೊಂದು ವಿಷಯ ಹೇಳಬೇಕು. ನಮ್ಮದು ಕಾಗಿಣಾ ಹೊಳೆಯ ದಂಡೆಯ ಮನೆತನ. ಅಜ್ಜ, ಮುತ್ತಜ್ಜ ಎಲ್ಲರೂ ಹರಿಗೋಲು ಹಾಕಿದವರು. ಕಾಕಾ ಕೊನೆಯವನು. ಊರಿಗೆ ಬ್ರಿಡ್ಜ್ ಆಯಿತು. ಹೊಳೆ ದಾಟಿದ ಮೇಲೆ ಜನ ಅಂಬಿಗನನ್ನು ಏನು ಮಾಡುತ್ತಾರೆ ಎಂಬುದಕ್ಕೆ ನಮ್ಮಲ್ಲೊಂದು ಗಾದೆಯೇ ಇದೆ. (ಪೂರ್ತಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.) ಕಾಕಾ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೂಲಿ ಮಾಡಿದ, ಹೊಲ ಮಾಡಿದ, ಮಗಳ ಮದುವೆ ಮಾಡಿದ. ಬ್ರಿಡ್ಜ್ ಆದ ಮೇಲೆ ಒಮ್ಮೆಯೂ ದೋಣಿ ಹತ್ತಿರಲಿಲ್ಲ.

ಹಡಗು ಚೆನ್ನಾಗಿತ್ತು. ಬಿಳಿ ಬಣ್ಣ, ಮೂರು ಅಂತಸ್ತು, ಕೋಣೆಯಲ್ಲಿ ಬಾತ್ ಟಬ್, ಟಬ್ಬಿನ ಪಕ್ಕದಲ್ಲೇ ಸಮುದ್ರ ಕಾಣುವ ಗಾಜು. ಸುತ್ತಲೂ ನೀರು ನಿಂತಲ್ಲೇ ನಿಂತಂತಿತ್ತು. ಅದರೊಳಗಿಂದ ನೂರಾರು ಗುಡ್ಡಗಳು ಎದ್ದು ನಿಂತಿದ್ದವು, ಮೈತುಂಬ ಹಸಿರು, ಸೊಂಟದಲ್ಲಿ ಬಿಳಿ ಕಲ್ಲು. ಜಗತ್ತಿನ ಜನ ಇದನ್ನು ನೋಡಿ ಕವಿಗಳಾಗುತ್ತಾರಂತೆ.

ನಮ್ಮ ಡೀಲರ್‌ಗಳು ಏನಾದರು? ಸುಲೇಪೇಟದ ಶರಣಪ್ಪನವರು ಡೆಕ್ಕಿನ ಕಂಬಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಎಲ್ಲಾ ಸುಣ್ಣದಕಲ್ಲರಿ ಮೇಡಂ. ಬರೇ ಸುಮ್ಮ ನಿಂತದ."

ಪಕ್ಕದಲ್ಲಿದ್ದ ವಾಡಿಯ ಡೀಲರ್ ಒಂದು ಗುಡ್ಡಕ್ಕೆ ಎಷ್ಟು ಚೀಲ ಸಿಮೆಂಟ್ ಆಗಬಹುದೆಂದು ಆಗಲೇ ಲೆಕ್ಕ ಹಿಡಿದಿದ್ದರು. ನಗಬೇಡಿ. ಫ್ಯಾಕ್ಟರಿಯ ಚಿಮಣಿ ನೋಡುತ್ತ ಬೆಳೆದವರು ನಾವು. ಕಲ್ಲು ಕಂಡರೆ ನಮಗೆ ಚೀಲ ಕಾಣುತ್ತದೆ.

ಮಧ್ಯಾಹ್ನದ ಪ್ರೋಗ್ರಾಂ ಬಿದಿರಿನ ದೋಣಿ. ಒಂದು ಗುಡ್ಡದ ಬುಡದಲ್ಲಿ ಕಮಾನಿನಂಥ ಕಿಂಡಿ. ಅದರೊಳಗಿಂದ ನುಸುಳಿ ಹೋದರೆ ಒಳಗೊಂದು ಕೊಳ. ಸ್ಥಳೀಯರು ಹುಟ್ಟು ಹಾಕಿ ಕರೆದೊಯ್ಯುತ್ತಾರೆ. ತೇಲುವ ಹಲಗೆಯ ದಂಡೆಯ ಮೇಲೆ ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡೆವು. ಕಾಕಾ ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿ ಅಂಚಿಗಿಟ್ಟು, ಮೊದಲು ನೀರು ಮುಟ್ಟಿ, ಆಮೇಲೆ ದೋಣಿಯ ಅಂಚು ಮುಟ್ಟಿ ಹಣೆಗೊತ್ತಿಕೊಂಡ.

"ಕಾಕಾ, ಚಪ್ಪಲಿ ಹಾಕ್ಕೊಂಡೇ ಹತ್ತಬಹುದು."

"ದೋಣ್ಯಾಗ ಚಪ್ಪಲ್ ಮೆಟ್ಟೂದು ಹ್ಯಾಂಗ? ಇರ್ಲಿ ಬಿಡು ಅಲ್ಲೇ. ನಮ್ಮ ಕಡಿ ಆಚಿ ದಂಡಿ ಹೊಲಕ್ಕ ಹೋಗೋರು ಹಿಂಗೇ ಬಿಟ್ಟು ಹೋಗ್ತಿದ್ರು. ಸಂಜಿಗಿ ನಾ ಚಪ್ಪಲ್ ನೋಡ್ತಿದ್ದೆ. ಒಂದು ಜೋಡಿ ಉಳದದ ಅಂದ್ರ ಒಬ್ರು ಇನ್ನಾ ಆಚಿ ಅದಾರ. ಅವ್ರು ಬರೂ ತನ ಅಂಬಿಗ ಮನಿಗಿ ಹೋಗಾಂಗಿಲ್ಲ."

ದೋಣಿಯಲ್ಲಿ ನಾವು ಎಂಟು ಜನ. (ಸಿಮೆಂಟ್ ವ್ಯಾಪಾರದಲ್ಲಿ ಸಣಕಲು ಜನ ಕಡಿಮೆ.) ಹುಟ್ಟು ಹಿಡಿದವಳು ಒಬ್ಬ ಹೆಣ್ಣುಮಗಳು. ಐವತ್ತು ದಾಟಿರಬೇಕು. ತಲೆಗೆ ಗೋಪುರದಂಥ ಟೋಪಿ, ಜಾಕೆಟ್ಟಿನ ಬೆನ್ನ ಮೇಲೆ ದೊಡ್ಡದಾಗಿ ನಂಬರು, ಮೂವತ್ತೊಂದು. ನಾವೆಲ್ಲ ಗುಡ್ಡ ನೋಡಿದೆವು. ಕಾಕಾ ಅವಳ ಕೈ ನೋಡುತ್ತಿದ್ದ.

"ಎಡಗೈಯಾಕಿ," ಎಂದ ನನ್ನ ಕಿವಿಯಲ್ಲಿ. "ಎಡಗೈ ಮ್ಯಾಲಿಟ್ಟು ಹಾಕ್ತಾಳ ನೋಡು. ನಮ್ಮಪ್ಪಂದೂ ಹಿಂಗೇ ಇತ್ತು."

ಒಳಗೆ ಹೋಗುವಾಗ ಸುಲಭವಿತ್ತು. ವಾಪಸ್ ಬರುವಾಗ ಕಿಂಡಿಯೊಳಗೆ ನೀರಿನ ಸೆಳೆತ ಎದುರಾಯಿತು. ದೋಣಿ ಮುಂದೆ ಹೋಗಲೊಲ್ಲದು. ಅವಳ ಕುತ್ತಿಗೆಯ ನರ ಉಬ್ಬಿದವು. ನಾವು ಎಂಟು ಜನ ಸುಮ್ಮನೆ ಕುಳಿತಿದ್ದೆವು, ಏಳು ಎನ್ನಬೇಕು. ಕಾಕಾ ಎದ್ದ. ದೋಣಿಯ ತಳದಲ್ಲಿದ್ದ ಇನ್ನೊಂದು ಹುಟ್ಟು ತೆಗೆದುಕೊಂಡ. ಅವಳು ಬೇಡ ಬೇಡ ಎಂದು ಕೈ ಬೀಸಿದಳು, ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಕಾಕಾ ನಕ್ಕು, ಅಂಚಿಗೆ ಮೊಳಕಾಲೂರಿ, ಎಳೆದ. ನಾಲ್ಕೇ ಎಳೆತ. ದೋಣಿ ಕಿಂಡಿ ದಾಟಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ವಿಡಿಯೋ ಮಾಡಿದೆ. ಮಾಡಿ ಸುಮ್ಮನಿರಬೇಕಲ್ಲ? ಅಂಕಣ ಬರೆಯುವವರ ಕೈ ತುರಿಸುತ್ತದೆ. "ಲಕ್ಷುರಿ ಕ್ರೂಸ್: ಗೆಸ್ಟ್‌ಗಳೇ ಹುಟ್ಟು ಹಾಕತಕ್ಕದ್ದು" ಎಂದು ಬರೆದು ಟೂರ್‌ನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ನಗುವ ಮುಖಗಳು ಸಾಲಾಗಿ ಬಂದವು. ದೋಣಿ ಹಲಗೆಯ ಇನ್ನೊಂದು ತುದಿಗೆ ನಿಂತಿತು. ಹಡಗಿಗೆ ಕರೆದೊಯ್ಯುವ ಲಾಂಚ್ ಕಾಯುತ್ತಿತ್ತು, ಬೇಗ ಬೇಗ ಎಂದು ಹತ್ತಿಸಿದರು. ಚಪ್ಪಲಿ ನಾವು ದೋಣಿ ಹತ್ತಿದ ತುದಿಯಲ್ಲೇ ಉಳಿದವು.

ಸಂಜೆ ಊಟಕ್ಕೆ ಕುಳಿತಾಗ ನಮ್ಮ ಟೂರ್ ಮ್ಯಾನೇಜರ್ ಬಂದರು. ಹೈದರಾಬಾದಿನವರು, ಚುರುಕು ಮನುಷ್ಯ, ನನ್ನ ಜೊತೆ ಮಾತೆಲ್ಲ ಇಂಗ್ಲಿಷಿನಲ್ಲೇ. ಮುಖದಲ್ಲಿ ಗೆದ್ದ ಕಳೆ.

"ಮೇಡಂ, ನಿಮ್ಮ ವಿಡಿಯೋ ಹಡಗಿನವರಿಗೆ ತೋರಿಸಿದೆ. ಎಪ್ಪತ್ತು ವರ್ಷದ ಗೆಸ್ಟ್ ಹತ್ತಿರ ಹುಟ್ಟು ಹಾಕಿಸೋದು ಅಂದ್ರೇನು? ಕಂಪ್ಲೇಂಟ್ ಬರೆದೆ. ಆ್ಯಕ್ಷನ್ ಆಯ್ತು. ನಾಳೆಯಿಂದ ಆ ಲೇಡಿಗೆ ದೋಣಿ ಇಲ್ಲ."

"ಏನಂತಾರವ್ರು?" ಎಂದು ಕೇಳಿದ ಕಾಕಾ.

ಹೇಳಿದೆ. ಹೇಳದೆ ವಿಧಿ ಇರಲಿಲ್ಲ. ಕಾಕಾ ತಟ್ಟೆ ಸರಿಸಿದ. 

"ಅಂಬಿಗ ಇನ್ನೊಬ್ಬ ಅಂಬಿಗನ ದೋಣ್ಯಾಗ ಸುಮ್ಮ ಕುಂದರಬಾರದವ್ವ. ಕೈ ಹಚ್ಚಬೇಕು. ಅದು ನಮ್ಮ ರೀತಿ. ನಾ ರೀತಿ ಮಾಡೀನಿ, ಅದು ಆಕಿ ಅನ್ನಕ್ಕ ಬಂತು." ಮತ್ತೆ ಹೇಳಿದ. "ಬ್ರಿಡ್ಜ್ ಆದಾಗ ನನ್ನ ಯಾರೂ ತೆಗೀಲಿಲ್ಲ. ಮಂದಿ ಬರೂದು ನಿಂತಿತು, ಅಷ್ಟೇ. ಆಕಿನ್ನ ಮಾತ್ರ ನಾ ಕೈಯಾರ ತೆಗಿಸ್ದೆ."

ಕೈಯಾರೆ ತೆಗೆಸಿದವಳು ನಾನು. ಕಾಕಾ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ನನಗೆ ನಾಚಿಕೆಯಾಯಿತು.

ರಿಸೆಪ್ಷನ್ನಿಗೆ ಹೋದೆವು. ಲಿನ್ ಎಂಬ ಹೆಣ್ಣುಮಗಳು ಟ್ಯಾಬ್ ಹಿಡಿದು ನಿಂತಿದ್ದಳು. ಗೆಸ್ಟ್‌ಗಳ ಸುಖದುಃಖ ನೋಡುವುದೇ ಅವಳ ಕೆಲಸ.

"ಸರ್‌ಗೆ ಸರ್ವಿಸ್ ಇಷ್ಟವಾಗಲಿಲ್ಲವೇ?" ಎಂದಳು ಇಂಗ್ಲಿಷಿನಲ್ಲಿ.

"ಇಷ್ಟವಾಯಿತು. ಅದಕ್ಕೇ ಕೆಲಸ ಮಾಡಿದರು."

ಅವಳಿಗೆ ಅರ್ಥವಾಗಲಿಲ್ಲ. ನಿಮಗಾದರೂ ಆಗುತ್ತಿತ್ತೇ? ನಾನು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳು. ಅಂಬಿಗರ ರೀತಿಯನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಮೂರು ಸಲ ಸೋತೆ. ಕೊನೆಗೆ ಕಾಕಾ ತನ್ನ ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿ, ಹೆಬ್ಬೆರಳ ಬುಡದ ಗಂಟು ತೋರಿಸಿದ. ಹೊಲದ ಕೆಲಸಕ್ಕೆ ಅಲ್ಲಿ ಗಂಟು ಬೀಳುವುದಿಲ್ಲ. ಲಿನ್ ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ, "ನನ್ನ ತಾತನಿಗೂ ಇತ್ತು" ಎಂದಳು.

ಆದರೆ ಕಂಪ್ಲೇಂಟ್ ಸಿಸ್ಟಂನಲ್ಲಿ ಹತ್ತಿಬಿಟ್ಟಿತ್ತು. ಬರೆದವರೇ ಹಿಂದೆ ತೆಗೆದುಕೊಳ್ಳಬೇಕಂತೆ. ಬರೆದವರು ಟೂರ್ ಮ್ಯಾನೇಜರ್. ಅವರು ಒಪ್ಪಲಿಲ್ಲ.

"ಮೇಡಂ, ಇವರು ನೀರಿಗೆ ಬಿದ್ದಿದ್ರೆ ಹೋಗ್ತಿದ್ದದ್ದು ನನ್ನ ನೌಕರಿ."

ನೋಡಿ, ಎಲ್ಲರಿಗೂ ಅವರವರ ನೌಕರಿಯದೇ ಭಯ. ಗುಡ್ಡಗಳಿಗಷ್ಟೇ ಭಯವಿರಲಿಲ್ಲ, ಅವನ್ನು ನೋಡಿ ನಿಟ್ಟುಸಿರು ಬಿಟ್ಟ ಸುಲೇಪೇಟದವರು ಊರಿಗೆ ವಾಪಸಾಗುವವರಿದ್ದರು.

ಕಾಕಾ ತನ್ನ ದಖ್ಖನಿ ಉರ್ದುವಿನಲ್ಲಿ ಅವರಿಗೆ ಒಂದೇ ಮಾತು ಹೇಳಿದ. ಬೀಳುವುದಾಗಿದ್ದರೆ ಮಳೆಗಾಲದ ಕಾಗಿಣಾದಲ್ಲಿ ಎಂದೋ ಬೀಳುತ್ತಿದ್ದೆ ಸಾಹೇಬರೇ, ಬೇಕಿದ್ದರೆ ಬರೆದು ಕೊಡುತ್ತೇನೆ. ಬರೆದೂ ಕೊಟ್ಟ. ಬೆಳಿಗ್ಗೆ ಎಲ್ಲರೂ ಡೆಕ್ಕಿನ ಮೇಲೆ ಸೂರ್ಯನ ಫೋಟೋ ತೆಗೆಯುತ್ತಿದ್ದಾಗ ಕಾಕಾ ಬಾತ್ ಟಬ್ಬಿನ ಅಂಚಿಗೆ ಕುಳಿತು, ಹಡಗಿನ ಹೆಸರಿದ್ದ ದಪ್ಪ ಕಾಗದದ ಮೇಲೆ ಕನ್ನಡದಲ್ಲಿ ಬರೆದ. "ಹುಟ್ಟು ನಾನಾಗೇ ಹಿಡಿದಿದ್ದೇನೆ. ಆಕೆ ಬೇಡ ಅಂದಿದ್ದಾಳೆ. ತಪ್ಪು ನನ್ನದು." ಕೆಳಗೆ ಸಹಿ. ಅದನ್ನು ಓದಿಸಿಕೊಂಡು ಟೂರ್ ಮ್ಯಾನೇಜರ್ ಮುಖ ಗಂಟಿಕ್ಕಿಯೇ ಕಂಪ್ಲೇಂಟ್ ಹಿಂದೆ ತೆಗೆದುಕೊಂಡರು. ಲಿನ್ ಕಾಗದದ ಫೋಟೋ ತೆಗೆದು ದೋಣಿಯವರ ಆಫೀಸಿಗೆ ಕಳಿಸಿದಳು.

"ಇನ್ನು ಅವರು ತೀರ್ಮಾನ ಮಾಡಬೇಕು," ಎಂದಳು. "ಅಂದ ಹಾಗೆ, ಸರ್ ಅವರ ಚಪ್ಪಲಿ ಅಲ್ಲೇ ಇವೆಯಂತೆ. ಹೋಟೆಲ್ಲಿಗೆ ತರಿಸಲೇ?"

ನಾನು ಕಾಕಾನಿಗೆ ಹೇಳಿದೆ.

"ಬ್ಯಾಡ," ಎಂದ ಕಾಕಾ. "ಅಲ್ಲೇ ಇರ್ಲಿ ಅನ್ನು. ಚಪ್ಪಲ್ ದಂಡಿ ಮ್ಯಾಲ ಇದ್ದಾಗ ಅಂಬಿಗಿತ್ತಿನ್ನ ಮನಿಗಿ ಕಳಸಾಂಗಿಲ್ಲ ಅಂತ ಹೇಳು. ನಾ ಇನ್ನಾ ಆಚಿನೇ ಇದೀನಿ."

ಇದನ್ನು ನಾನು ಇಂಗ್ಲಿಷಿನಲ್ಲಿ ಒಂದೇ ಸಲಕ್ಕೆ ಹೇಳಿದೆ. ಲಿನ್ ನಗಲಿಲ್ಲ. ಟ್ಯಾಬಿನಲ್ಲಿ ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಬರೆದು ಕಳಿಸಿದಳು, ಸುದ್ದಿ ತಿಳಿಸಲು ನನ್ನ ನಂಬರನ್ನೂ ಬರೆದುಕೊಂಡಳು. ಕಾಕಾ ಹಡಗಿನವರು ಕೊಟ್ಟ ಬಿಳಿ ಬಟ್ಟೆಯ ಸ್ಲಿಪ್ಪರ್ ಹಾಕಿಕೊಂಡೇ ವಿಮಾನ ಹತ್ತಿದ.

ಊರಿಗೆ ಬಂದ ಮೇಲೂ ಹೊಸ ಚಪ್ಪಲಿ ಕೊಳ್ಳಲಿಲ್ಲ. ಹೊಲಕ್ಕೂ ಬರಿಗಾಲು, ಬಜಾರಿಗೂ ಬರಿಗಾಲು. ಯಜಮಾನರು ಪ್ಲಾಸ್ಟರ್ ಕಾಲು ಕುರ್ಚಿಯ ಮೇಲಿಟ್ಟುಕೊಂಡು, "ಒಂದು ಜೋಡಿ ಕೊಡಸ್ತೀನಿ ಬರ್ರಿ ಮಾವಾ," ಎಂದರೂ ಕೇಳಲಿಲ್ಲ.

"ಚಪ್ಪಲ್ ಅದಾವಲ್ರಿ."

ಎರಡು ದಿನಕ್ಕೊಮ್ಮೆ ನನಗೆ ಫೋನ್. "ಆ ಹುಡುಗಿದು ಏನರೆ ಸುದ್ದಿ ಬಂತೇನು?"

ಕಳೆದ ವಾರ ಬಂತು. ಲಿನ್ ಒಂದು ಫೋಟೋ ಕಳಿಸಿದ್ದಳು. ಜೊತೆಗೆ ಏನೂ ಬರೆದಿರಲಿಲ್ಲ. ಹಲಗೆಯ ದಂಡೆ, ಅಂಚಿಗೆ ಜೋಡಿಸಿಟ್ಟ ಕಾಕಾನ ಚಪ್ಪಲಿ. ಹಿಂದೆ ನೀರಿನ ಮೇಲೆ ಒಂದು ದೋಣಿ. ಹುಟ್ಟು ಹಿಡಿದವರ ತಲೆಗೆ ಅದೇ ಗೋಪುರದ ಟೋಪಿ. ಮುಖ ಕಾಣದು, ಬೆನ್ನು ಕಾಣುತ್ತದೆ. ಬೆನ್ನ ಮೇಲೆ ಮೂವತ್ತೊಂದು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಫೋನಿನಲ್ಲಿ ಹೇಳದೆ ನಾನೇ ಕಾಕಾನ ಊರಿಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ. ಮೊಬೈಲ್ ಕೈಗೆ ಕೊಟ್ಟೆ. ಕಾಕಾ ನಂಬರ್ ನೋಡಲಿಲ್ಲ. ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಹುಟ್ಟು ಹಿಡಿದ ಕೈ ನೋಡಿದ. ಬಹಳ ಹೊತ್ತು ನೋಡಿದ.

"ಬಲಗೈ ಮ್ಯಾಲದ," ಎಂದ. "ಜಾಕೆಟ್ ಅಷ್ಟೇ ಆಕಿದು, ಇಕಿ ಆಕಿ ಅಲ್ಲ."

ಮೊಬೈಲ್ ವಾಪಸ್ ಕೊಟ್ಟು, ಚಹಾ ಕುಡಿದು ಹೋಗು ಎಂದ. ಮರುದಿನ ಚಿತ್ತಾಪುರಕ್ಕೆ ಹೋಗಿ ಹೊಸ ಚಪ್ಪಲಿ ಕೊಂಡನಂತೆ.

ಇವತ್ತು ಬೆಳಿಗ್ಗೆ ಕ್ರೂಸ್‌ನವರ ಮೇಲ್ ಬಂದಿದೆ. ಕೋಣೆಗೆ ಎಷ್ಟು ಸ್ಟಾರ್, ಊಟಕ್ಕೆ ಎಷ್ಟು, ನೋಟಕ್ಕೆ ಎಷ್ಟು ಎಂದು ಕೇಳಿದ್ದಾರೆ. ಕೋಣೆ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ನೋಟವಂತೂ ಕೇಳುವಂತೆಯೇ ಇಲ್ಲ. ಕೊನೆಯ ಪ್ರಶ್ನೆಗೆ ಬಂದು ನಿಂತಿದ್ದೇನೆ: "ನಿಮ್ಮ ದೂರಿಗೆ ನಾವು ಸ್ಪಂದಿಸಿದ ರೀತಿಗೆ ಎಷ್ಟು ಸ್ಟಾರ್ ಕೊಡುತ್ತೀರಿ?"

ಎಷ್ಟು ಕೊಡಲಿ, ನೀವೇ ಹೇಳಿ.