ಪರದೆಯ ಹಿಂದಿನ ಮದ್ದಿನ ಕೊಂಬು

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ನಾನೂ ನಂಬುವವನಲ್ಲ. ದೆವ್ವದ ಕಥೆ ಹೇಳಿದರೆ ನಮ್ಮ ಕ್ಲಾಸಿನಲ್ಲಿ ಮೊದಲು ನಗುತ್ತಿದ್ದವನು ನಾನೇ.

ಎರಡು ವರ್ಷದ ಹಿಂದೆ ದೋಹಾದಲ್ಲಿ ನನ್ನಷ್ಟು ದೊಡ್ಡ ಸಂಗ್ರಹಕಾರ ಇರಲಿಲ್ಲ. ಬ್ರಿಟಿಷರ ಕಾಲದ ಸಿಪಾಯಿಗಳು ಕೋವಿಮದ್ದು ತುಂಬಿಡುತ್ತಿದ್ದ ಕೆತ್ತನೆಯ ಕೊಂಬುಗಳು ನನ್ನ ಬಳಿ ಎರಡಿದ್ದವು. ಒಂದು ಪ್ಲಾಸ್ಟಿಕ್ಕಿನದು. ಇನ್ನೊಂದನ್ನು ವಿಡಿಯೊ ಗೇಮ್ ಕೊಟ್ಟು ಮುಶೈರಿಬ್‌ನ ಹಳೇ ಸಾಮಾನಿನ ಅಂಗಡಿಯ ಮೂಸಾಕನಿಂದ ತಂದಿದ್ದೆ. ಅದರ ಮೇಲೆ ಒಂದು ಕೋಟೆ, ಯಾರೋ ಸಿಪಾಯಿಯ ಹೆಸರು, ಚಪ್ಪಲಿಯಂತಹ ಒಂದು ಹಡಗು.

“ಬಿರಡೆ ಎಳೀಲಿಕ್ಕೆ ಹೋಗ್ಬೇಡ ಮಾರಾಯ. ನನ್ನ ಇಕ್ಕುಳವೇ ತುಂಡಾಯ್ತು, ಖಲಾಸ್,” ಎಂದಿದ್ದರು ಮೂಸಾಕ.

ಅಪ್ಪನಿಗೆ ಇದು ಗೊತ್ತಿರಲಿಲ್ಲ. ಸತ್ತವರ ಸೊತ್ತು ಮನೆಯೊಳಗೆ ಬರಬಾರದೆಂಬುದು ಅವರ ಕಾನೂನು.

ಆ ವರ್ಷ ಊರಲ್ಲಿ ಅಜ್ಜ ತೀರಿಕೊಂಡಾಗ, ಅಪ್ಪನಿಗೆ ದೇಶ ಬಿಡಲು ಕಂಪನಿಯ ಎಕ್ಸಿಟ್ ಪರ್ಮಿಟ್ ಸಿಗುವಷ್ಟರಲ್ಲಿ ಕ್ರಿಯೆಯೆಲ್ಲ ಮುಗಿದಿತ್ತು. ಅಜ್ಜ ಸಿಟ್ಟಿನಲ್ಲೇ ಹೋದರೆಂದು ಅಪ್ಪ ಕೊರಗುತ್ತಿದ್ದರು. ಕೊನೆಗೆ ಒಂದು ಶುಕ್ರವಾರ ಮಧ್ಯಾಹ್ನ ದೋಹಾದ ಪಕ್ಕದ ಉಮ್ಮ್ ಸಲಾಲ್‌ನ ನಮ್ಮ ಫ್ಲ್ಯಾಟಿನಲ್ಲೇ ಅಜ್ಜನಿಗೆ ಬಡಿಸಿದರು. ನನ್ನ ಕೋಣೆಯಲ್ಲಿ ಎಲೆ ಹಾಕಿ, ಕೋರಿರೊಟ್ಟಿ ಬಡಿಸಿ, ಲೋಟದ ತುಂಬ ಅಜ್ಜನ ಬೆಲ್ಲದ ಕಾಫಿ ಇಟ್ಟು, ಅವರು ಉಣ್ಣಲೆಂದು ಬಾಗಿಲೆಳೆದು ಹೊರಗೆ ನಿಂತೆವು. ಕೊಂಬನ್ನು ಪರದೆಯ ಹಿಂದೆ ಮಲಗಿಸಲಷ್ಟೇ ನನಗೆ ಪುರುಸೊತ್ತು ಸಿಕ್ಕಿತ್ತು.

ಒಳಗೆ ‘ಟಪ್’ ಎಂದಿತು, ಬಾಟಲಿಯ ಮುಚ್ಚಳ ತೆಗೆದ ಹಾಗೆ. ನಾನು ನಗಲು ಹೋದೆ. ಅಮ್ಮ ತೋಳು ಚಿವುಟಿದರು.

ಬಾಗಿಲು ತೆರೆದಾಗ ಲೋಟ ಖಾಲಿ. ನೆಲದಲ್ಲಿ ಒಂದು ಹನಿಯಿಲ್ಲ. ಅಪ್ಪ ಎಲೆಯ ಮುಂದೆ ಕುಸಿದು ಕೂತು ಅತ್ತರು.

“ಬಂದಿದ್ರು ಮಾರಾಯ್ತಿ. ಕುಡ್ದು ಹೋಗಿದ್ದಾರೆ. ನನ್ನ ಮೇಲೆ ಸಿಟ್ಟಿಲ್ಲ ಅವ್ರಿಗೆ,” ಎಂದು ಅಮ್ಮನಿಗೆ ಹೇಳಿ, ಊರಲ್ಲಿರುವ ಅಜ್ಜಿಗೆ ಫೋನ್ ಮಾಡಲು ಹಾಲಿಗೆ ಹೋದರು.

ನಾನು ಪರದೆ ಸರಿಸಿದೆ. ಕೊಂಬು ಗೋಡೆಗೊರಗಿ ನೆಟ್ಟಗೆ ನಿಂತಿತ್ತು. ಬಿರಡೆ ಪಕ್ಕದಲ್ಲಿ ಬಿದ್ದಿತ್ತು. ಎತ್ತಿದರೆ ಭಾರ, ಅಲ್ಲಾಡಿಸಿದರೆ ಒಳಗೆ ಕುಲುಕುವ ಸದ್ದು. ಮೂಸಿದೆ. ಬೆಲ್ಲದ ಕಾಫಿ. ಇನ್ನೂ ಬಿಸಿಯಿತ್ತು.

ಬೇರೆ ಏನನ್ನಾದರೂ ಉಬ್ಬಿಸಿ ಹೇಳಿರಬಹುದು, ಇದನ್ನಲ್ಲ. ಹೇಗಾಯಿತೆಂದು ಇವತ್ತಿಗೂ ಗೊತ್ತಿಲ್ಲ. ಆಗ ತೋಚಿದ್ದು ಒಂದೇ: ಇದನ್ನು ಚೆಲ್ಲಿ ಬಾಯಿ ಮುಚ್ಚಿಕೊಂಡರೆ, ಅಪ್ಪನ ಪಾಲಿಗೆ ಅಜ್ಜ ಬಂದುಹೋದಂತೆಯೇ ಉಳಿಯುತ್ತದೆ. ಕಿಟಕಿಗೆ ಕೈ ಚಾಚಿದೆ.

“ಎಂತ ಅದು ಕೈಲಿ?”

ಅಪ್ಪ ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದಿದ್ದರು. ಕೊಂಬನ್ನು ತೆಗೆದುಕೊಂಡು ಅಲ್ಲಾಡಿಸಿದರು. ಮೂಸಿದರು. ಖಾಲಿ ಲೋಟವನ್ನು ನೋಡಿದರು.

ಫೋನಿನಲ್ಲಿ ಅಜ್ಜಿ ಕೇಳುತ್ತಲೇ ಇದ್ದರು, “ಕಾಫಿ ಪೂರ್ತಿ ಕುಡಿದ್ರಾ ಮಗಾ?”